ಕರೆಂಟ್ ಭಟ್ಟಿ ಮತ್ತು ಅತ್ತೆಯ ಬಾಯಿ

ನನ್ನದು ಸುಮ್ಮನಿರುವ ಬಾಯಲ್ಲ. ಇದು ತವರಿನವರಿಗೆ ಗೊತ್ತಿತ್ತು, ಶಾಲೆಯಲ್ಲಿ ಗೊತ್ತಿತ್ತು, ಮದುವೆಯಾಗಿ ಎಂಟು ದಿನ ಕಳೆಯುವುದರೊಳಗೆ ಆಳಂದದ ನಮ್ಮ ಓಣಿಗೂ ಗೊತ್ತಾಯಿತು. ಆ ಬಾಯಿಂದ ಜಾರಿದ ಒಂದು ಚೇಷ್ಟೆಯ ಮಾತು ಏನೇನು ಮಾಡಿತೆಂಬುದನ್ನು ಇಷ್ಟು ವರ್ಷ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದಾಗಲೆಲ್ಲ ನನ್ನ ತಪ್ಪಿನ ಪಾಲನ್ನು ಸ್ವಲ್ಪ ಕತ್ತರಿಸಿಯೇ ಹೇಳಿದ್ದೇನೆ. ಇವತ್ತು ಕತ್ತರಿಸುವುದಿಲ್ಲ.

ನಾನು ಕುಂಬಾರರ ಮಗಳು. ಅಫಜಲಪುರ ತಾಲೂಕಿನಲ್ಲಿ, ಗಾಣಗಾಪುರದಿಂದ ಎರಡು ತಾಸು ನಡೆದರೆ ಸಿಗುವ ಭೀಮಾ ದಂಡೆಯ ಹಳ್ಳಿ ನಮ್ಮದು. ಅಪ್ಪ ತಿಗರಿ ತಿರುಗಿಸಿ ಗಡಿಗೆಯ ಕಂಠ ಎತ್ತಿದರೆ, ಅವ್ವ ಹಲಗೆಯಿಂದ ಬಡಿದು ಅದರ ಹೊಟ್ಟೆ ದೊಡ್ಡದು ಮಾಡುತ್ತಿದ್ದಳು. ನಾನು ಅಲ್ಲಿಂದ ಗುಲಬರ್ಗಾಕ್ಕೆ ಹೋಗಿ ಚಿತ್ರಕಲೆ ಕಲಿತು, ಆಳಂದದ ಹುಡುಗಿಯರ ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಆದೆ. ಕೊಟ್ಟ ಮನೆಯೂ ಕುಂಬಾರರದೇ. ಆದರೆ ಅವರು ತಿಗರಿ ಬಿಟ್ಟು ಎರಡು ತಲೆಮಾರಾಗಿತ್ತು. ಮಾವ ಬಟ್ಟೆ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿ ತೀರಿಕೊಂಡವರು. ನನ್ನ ಗಂಡ ಜೇವರ್ಗಿಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಉಳಿದವರು ನಾವಿಬ್ಬರೇ, ನಾನು ಮತ್ತು ಅತ್ತೆ.

ಅತ್ತೆ ಎತ್ತರದ ಆಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಾತು ಕಡಿಮೆ. ಆ ಕಡಿಮೆ ಮಾತೂ ಕೇಳುವವರಿಗೆ ಸಾಕಾಗುವಷ್ಟು ಇರುತ್ತಿತ್ತು. ನಾನು ಒಮ್ಮೆ ಜೇಡಿಮಣ್ಣಿನ ಚೀಲ ಹೊತ್ತುಕೊಂಡು ಬಂದಾಗ ಹೊಸ್ತಿಲಲ್ಲೇ ನಿಲ್ಲಿಸಿದರು.

"ನಾವು ಕೈಯಾಗಿನ ಮಣ್ಣು ತೊಳಕೊಂಡು ಊರಾಗ ಬಂದೇವಿ. ನೀ ಮತ್ತ ಮನಿಯಾಗ ಮಣ್ಣು ತರಾಕತ್ತಿ?"

"ತೊಳಕೊಂಡ ನೀರು ಎಲ್ಲಿ ಚೆಲ್ಲೀರಿ ಹೇಳ್ರಿ ಅತ್ತಿ, ಅದನ್ನೂ ತರ್ತೇನಿ" ಎಂದೆ. ಅವರು ನಗಲಿಲ್ಲ. ಚೀಲ ಮಾತ್ರ ಹಿತ್ತಲಿಗೆ ಹೋಯಿತು.

ಮಣ್ಣೇನೋ ಬಂತು, ಸುಡುವುದು ಹೇಗೆ? ತವರಿನಲ್ಲಿ ಆವಿಗೆ ಇತ್ತು. ಹಸಿ ಗಡಿಗೆಗಳನ್ನು ಒಟ್ಟಿ, ಕುಳ್ಳು, ಜೋಳದ ದಂಟಿನ ಕಣಿಕೆ ಮುಚ್ಚಿ ಬೆಂಕಿ ಇಟ್ಟರೆ ಮುಗಿಯಿತು, ಹೊಗೆ ಹೊಳೆಯ ಕಡೆ ಹೋಗುತ್ತಿತ್ತು. ಆಳಂದದ ಓಣಿಯಲ್ಲಿ ಹೊಗೆಗೆ ಹೋಗಲು ಜಾಗವೇ ಇಲ್ಲ. ನಾನು ಹಟಕ್ಕೆ ಬಿದ್ದು ಹಿತ್ತಲಲ್ಲಿ ಒಂದು ಪುಟ್ಟ ಆವಿಗೆ ಹಾಕಿದ ದಿನ, ಒಗೆದು ಹರವಿದ ಬಟ್ಟೆಗಳು ಕಪ್ಪಾದವು, ಮಗ್ಗಲಿನ ಹಿಟ್ಟಿನ ಗಿರಣಿಯಲ್ಲಿ ಬೀಸಿದ ಜೋಳದ ಹಿಟ್ಟು ಹೊಗೆ ನಾರಿತು, ಅರ್ಧ ಓಣಿ ನಮ್ಮ ಬಾಗಿಲಿಗೆ ಬಂತು. ಅತ್ತೆ ನಾಲ್ಕು ಕೊಡ ನೀರು ತಂದು ಆವಿಗೆಯ ಮೇಲೆ ಸುರಿದರು. ಹದಿನೆಂಟು ಹೂಜಿಗಳೂ ಟಪಟಪನೆ ಸೀಳಿದವು. ಅವತ್ತು ನಾನು ಬಚ್ಚಲಲ್ಲಿ ಕೂತು ಅತ್ತದ್ದು ಅವರಿಗೆ ಕೇಳಿಸಿರಬೇಕು.

ಯಾಕೆಂದರೆ ಮರುವರ್ಷ, ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಗುಲಬರ್ಗಾದಲ್ಲಿ ಒಂದು ಕುಂಬಾರಿಕೆ ತರಬೇತಿ ಕೇಂದ್ರ ಮುಚ್ಚಿ, ಹೊಗೆಯಿಲ್ಲದೆ ಗಡಿಗೆ ಸುಡುವ ಅದರ ಕರೆಂಟ್ ಭಟ್ಟಿ ಹರಾಜಿಗಿದೆ ಎಂದು ನಾನು ಹೇಳಿದಾಗ ಅವರು ಬೇಡ ಎನ್ನಲಿಲ್ಲ. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದೆ. ಕಡಗಂಚಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಸುತ್ತುಗಟ್ಟಿ, ಯಾವ ಬ್ಯಾಂಕಿನ ತಿಜೋರಿ ಎಂದು ಕೇಳಿದರು. "ನಮ್ಮತ್ತಿ ಬಂಗಾರ ಇಡಾಕ" ಎಂದೆ. ಆ ಸುದ್ದಿ ನನಗಿಂತ ಮೊದಲೇ ಆಳಂದ ಮುಟ್ಟಿತ್ತು. ಇಷ್ಟರಿಂದಲೇ ನಾನು ಪಾಠ ಕಲಿಯಬೇಕಿತ್ತು.

ಅತ್ತೆ ಆ ಕಬ್ಬಿಣದ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ ನೋಡಿದರು. ಬಾಗಿಲು ತೆಗೆಸಿ ಒಳಗಿನ ಬಿಳಿ ಇಟ್ಟಿಗೆ, ಅದರಲ್ಲಿ ಕೊರೆದ ಸಾಲುಗಳೊಳಗೆ ಮಲಗಿದ್ದ ಸುರುಳಿ ತಂತಿ ಎಲ್ಲ ನೋಡಿ ಒಂದೇ ಮಾತು ಹೇಳಿದರು.

"ಒಂದೇ ಒಂದು ಸಲ ಏನರೆ ಅನಾಹುತ ಆದ್ರ, ಮರುದಿನ ಇದು ಗುಜರಿಗೆ."

ಒಪ್ಪಿಕೊಂಡೆ. ಬೇರೆ ದಾರಿಯೇ ಇರಲಿಲ್ಲ. ಈ ಪೆಟ್ಟಿಗೆ ಹೋದರೆ ನಾನು ಉಳಿದ ಜನ್ಮವೆಲ್ಲ ಹುಡುಗಿಯರಿಗೆ ಕಾಗದದ ಹೂ ಕತ್ತರಿಸುವುದನ್ನು ಕಲಿಸಬೇಕಾಗಿತ್ತು.

ಅದನ್ನು ಕೂರಿಸಲು ಬಂದವರು ಚಾಚಾ. ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು, ನಮ್ಮ ಓಣಿಯ ಕೊನೆಯ ಮನೆ. ಬಲಗೈಯ ಎರಡು ಬೆರಳು ಸುಟ್ಟು ಮುದುರಿದ್ದವು. ಯಾರಾದರೂ ಕರೆಂಟಿನ ವಿಷಯದಲ್ಲಿ ಉಡಾಫೆ ಮಾಡಿದರೆ ಆ ಕೈಯನ್ನೇ ಅವರ ಮುಖದ ಮುಂದೆ ಹಿಡಿಯುತ್ತಿದ್ದರು. ಅವರು ಮೊದಲು ಮಾಡಿದ ಕೆಲಸ ನಾನು ಆರಿಸಿದ್ದ ಜಾಗವನ್ನು ರದ್ದು ಮಾಡಿದ್ದು. ಪಡಸಾಲೆಯ ಮೂಲೆ ಎಂದಿದ್ದೆ.

"ಮ್ಯಾಲ ಕಟಗಿ ಜಂತಿ, ಮಗ್ಗಲಕ ಕಣಿಕಿ ಹೊರಿ. ಬೇಟಿ, ನೀ ಗಡಿಗಿ ಸುಡತೀಯೋ ಮನಿ ಸುಡತೀಯೋ?"

ಹಿತ್ತಲಲ್ಲಿ ತಗಡಿನ ಮಾಡು ಎಬ್ಬಿಸಿದೆವು. ನೆಲಕ್ಕೆ ಶಹಾಬಾದಿ ಫರಸಿ ಕಲ್ಲು, ಅದರ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಭಟ್ಟಿ. ಗೋಡೆಗೂ ಭಟ್ಟಿಗೂ ನಡುವೆ ಒಬ್ಬ ಮನುಷ್ಯ ಅಡ್ಡ ನಡೆಯುವಷ್ಟು ಜಾಗ. ಗಿರಣಿಗೆ ಇದ್ದಂಥ ಥ್ರೀ ಫೇಸ್ ಲೈನಿಗೆ ಅರ್ಜಿ ಹಾಕಿ ಏಳು ತಿಂಗಳು ಕಾದೆ. ಕಂಬದಿಂದ ನೇರ ಕೊಕ್ಕೆ ಹಾಕಿದರೆ ಏಳು ನಿಮಿಷದ ಕೆಲಸ ಎಂದು ಚಾಚಾನಿಗೆ ಹೇಳಿ ನೋಡಿದೆ. ಅವರು ಆ ಎರಡು ಬೆರಳು ತೋರಿಸಿ, ಮೇಲೆ ನೇಮಗಳ ಪಟ್ಟಿಯನ್ನೇ ಕೊಟ್ಟರು. ಭಟ್ಟಿಯ ಹತ್ತಿರ ನೈಲಾನ್ ಸೀರೆ ಉಡಬಾರದು, ಹತ್ತಿಯದೇ ಆಗಬೇಕು. ನಿಲ್ಲುವ ಜಾಗಕ್ಕೆ ಹಲಗೆ, ಕಾಲಿಗೆ ರಬ್ಬರ್ ಚಪ್ಪಲಿ. ಫ್ಯೂಸ್ ಹೋದರೆ ದಪ್ಪ ತಂತಿ ಸುತ್ತಬಾರದು. ಒಂದೊಂದಕ್ಕೂ ನಾನು ಹ್ಞೂಂ ಎಂದೆ. ಹ್ಞೂಂ ಎನ್ನುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಕೊನೆಗೆ ಅರ್ಥಿಂಗ್. ಇಬ್ಬರು ಆಳು ಹಿತ್ತಲ ಮೂಲೆಯಲ್ಲಿ ಎದೆಮಟ್ಟ ಹೊಂಡ ತೋಡಿದರು. ಒಂದು ಮೊಳ ಉದ್ದ, ಒಂದು ಮೊಳ ಅಗಲದ ತಾಮ್ರದ ತಗಡಿಗೆ ಚಾಚಾ ದಪ್ಪ ವೈರು ಬಿಗಿದು ಅದರೊಳಗೆ ನಿಲ್ಲಿಸಿದರು. ಸುತ್ತ ಒಂದು ಪದರು ಇದ್ದಿಲು, ಒಂದು ಪದರು ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ವೈರಿನ ಇನ್ನೊಂದು ತುದಿ ಭಟ್ಟಿಯ ಮೈಗೆ.

"ಭಟ್ಟಿ ತಗಡಿಗೆ ಕರೆಂಟ್ ಸೋರಿದ್ರ, ಇದರಾಗ ಹಾದು ನೆಲಕ್ಕ ಹೋಗ್ತದ, ಫ್ಯೂಸ್ ಹಾರತದ. ಇದು ಇಲ್ಲಂದ್ರ ಅದು ಮನಷಾನ ಮೈಯಾಗ ಹಾದು ಹೋಗ್ತದ. ಮಣ್ಣು ಒಣಗಬಾರದು, ದಿನಾ ಎರಡು ಕೊಡ ನೀರು ಹಾಕ್ರಿ" ಎಂದು ಅವರು ಹೇಳುತ್ತಿದ್ದಾಗ ಅತ್ತೆಯೂ ಅಲ್ಲಿದ್ದರು. ನೀರಿನ ಕೆಲಸವನ್ನು ಅವರೇ ವಹಿಸಿಕೊಂಡರು.

ಚಾಚಾ ನನಗೆ ಇನ್ನೊಂದು ಸಾಮಾನು ಮಾಡಿಕೊಟ್ಟರು. ಒಂದು ಬಲ್ಬು, ಅದಕ್ಕೆರಡು ವೈರು, ವೈರಿನ ತುದಿಗೆ ಪಿನ್ನು. ಬೋರ್ಡಿನಲ್ಲಿ ಅದಕ್ಕೆಂದೇ ಒಂದು ಸಾಕೆಟ್, ಒಂದು ತೂತು ಕರೆಂಟಿನದು, ಇನ್ನೊಂದು ಅರ್ಥಿನದು. "ಪ್ರತಿ ಸಲ ಭಟ್ಟಿ ಹಚ್ಚೂಕಿಂತ ಮೊದಲ ಇದನ್ನ ಸಿಗಿಸಿ ನೋಡು. ಝಗ್ ಅಂತ ಹತ್ತಿದ್ರ ಹೊಂಡ ಬರೋಬ್ಬರಿ ಅದ. ಮಿಣಕ್ ಅಂದ್ರ ಮೇನ್ ಬಂದ್ ಮಾಡಿ ನನ್ನ ಕರಿ." ಬಲ್ಬನ್ನು ಬೋರ್ಡಿನ ಪಕ್ಕದ ಮೊಳೆಗೆ ತೂಗುಹಾಕಿ ಹೋದರು.

ಈಗ ನನ್ನ ಬಾಯಿಗೆ ಬರುತ್ತೇನೆ. ಅದು ಹೊಂಡ ಇನ್ನೂ ತುಂಬುತ್ತಿದ್ದ ಹೊತ್ತು. ಚಾಚಾ ಚಹಾ ಕುಡಿಯಲು ಒಳಗೆ ಹೋಗಿದ್ದರು, ಅತ್ತೆ ಚಹಾ ಕಾಸುತ್ತಿದ್ದರು, ನಾನೊಬ್ಬಳೇ ಹೊಂಡದ ಮುಂದೆ ಕೂತು ಕೊನೆಯ ಪದರಿನ ಉಪ್ಪು ಹರವುತ್ತಿದ್ದೆ, ತಗಡಿನ ಅಂಚು ಇನ್ನೂ ಕಾಣುತ್ತಿತ್ತು. ಗೋಡೆಯ ಮೇಲೆ ಒಂದು ತಲೆ ಮೂಡಿತು. ಗಿರಣಿ ಮಾಲೀಕರ ಹೆಂಡತಿ, ಓಣಿಯ ಎಲ್ಲರಿಗೂ ಗಿರಣಿ ಅಕ್ಕ. ಜೋಳ ಬೀಸಲು ಬಂದವರಿಂದ ಸುದ್ದಿ ತೆಗೆದುಕೊಂಡು ಹಿಟ್ಟಿನ ಜೊತೆ ಬೇರೆಯವರಿಗೆ ಹಂಚುವವಳು.

"ಏನ ಬೇ ಟೀಚರವ್ವಾ, ಏನು ಹುಗ್ಯಾಕತ್ತಿ? ತಾಮ್ರ, ಉಪ್ಪು, ಇದ್ದಿಲಿ... ಇದೇನು?"

ಅರ್ಥಿಂಗ್ ಎಂದು ಹೇಳಬಹುದಿತ್ತು. ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಅತ್ತಿತ್ತ ನೋಡಿ, ದನಿ ಇಳಿಸಿ, "ಯಾರ ಮುಂದನೂ ಹೇಳಬ್ಯಾಡ ಯಕ್ಕಾ. ನಮ್ಮತ್ತಿ ಬಾಯಿ ಕಟ್ಟಾಕ" ಎಂದೆ.

ಅವಳ ಕಣ್ಣು ಅಗಲವಾದವು. ತಲೆ ಗೋಡೆಯ ಹಿಂದೆ ಇಳಿಯಿತು. ನಾನು ಹೊಟ್ಟೆ ಹಿಡಿದು ನಕ್ಕು, ಹೊಂಡ ಮುಚ್ಚಿಸಿ, ಆ ಮಾತನ್ನೂ ಅದರೊಳಗೇ ಮರೆತುಬಿಟ್ಟೆ.

ಮೊದಲ ಸುಡುವಿಕೆ ಹಬ್ಬದಂತೆ ಆಯಿತು. ಬಲ್ಬು ಝಗ್ಗೆಂದಿತು. ಹಂತಹಂತವಾಗಿ ಶಾಖ ಏರಿಸಿದೆ, ಇಡೀ ದಿನ ಕಾದೆ, ಮಾರನೆಯ ದಿನ ಪೂರ್ತಿ ತಣಿದ ಮೇಲೆ ಬಾಗಿಲು ತೆಗೆದೆ. ಇಪ್ಪತ್ತು ಹೂಜಿ, ಒಂದೂ ಸೀಳಿರಲಿಲ್ಲ. ಅತ್ತೆ ಒಂದನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಯ ಹತ್ತಿರ ಹಿಡಿದರು. ಠಣ್ ಎಂದಿತು. ಎರಡು ತಲೆಮಾರಿನ ಹಿಂದೆ ತೊಳೆದುಕೊಂಡ ಮಣ್ಣು ಅವರ ಉಗುರಿನೊಳಗೆ ಸ್ವಲ್ಪ ಉಳಿದಿತ್ತೆಂದು ನನಗೆ ಆಗ ಗೊತ್ತಾಯಿತು. ಬಹಳ ಸಂತೋಷವಾಯಿತು.

ಎರಡನೆಯ ಸಲದಿಂದ ಅವರು ಒಂದು ಪದ್ಧತಿ ಹಚ್ಚಿಕೊಂಡರು. ಭಟ್ಟಿ ಹಚ್ಚಿದ ಸ್ವಲ್ಪ ಹೊತ್ತಿಗೆ ಸುರುಳಿ ತಂತಿ ಕೆಂಪಾಗಿ ಬಾಗಿಲ ಕಿಂಡಿಯಲ್ಲಿ ಕಾಣುತ್ತದೆ. ಅದಕ್ಕೆ ಅವರು "ಕಣ್ಣು ಬಿಡ್ತು" ಎನ್ನುತ್ತಿದ್ದರು. ಕಣ್ಣು ಬಿಟ್ಟ ಕೂಡಲೇ, ಹೊರ ತಗಡು ಇನ್ನೂ ತಣ್ಣಗಿರುವಾಗಲೇ, ವಿಭೂತಿಯನ್ನು ನೀರಲ್ಲಿ ತೇಯ್ದು ಭಟ್ಟಿಯ ಮೈಮೇಲೆ ಮೂರು ಬೆರಳು ಎಳೆಯುತ್ತಿದ್ದರು. ಆವಿಗೆಗೆ ಅವರ ಅಜ್ಜಿ ಹಾಗೆ ಮಾಡುತ್ತಿದ್ದಳಂತೆ. ಚಾಚಾ ನೋಡಿ, "ಹೊಂಡ ಬರೋಬ್ಬರಿ ಇರೂತನಾ ಅಡ್ಡಿಯಿಲ್ಲ" ಎಂದು ನನ್ನ ಕಡೆ ಒಂದು ನೋಟ ಹಾಕಿದರು. ಹ್ಞೂಂ ಎಂದೆ.

ಹೀಗೆ ಏಳೆಂಟು ತಿಂಗಳು ನಡೆಯಿತು. ಬಲ್ಬನ್ನು ಮೊದಲ ನಾಲ್ಕು ಸಲ ಸಿಗಿಸಿ ನೋಡಿದೆ. ನಾಲ್ಕೂ ಸಲ ಝಗ್ಗೆಂದಿತು. ಐದನೆಯ ಸಲ, ನಿನ್ನೆ ಇದ್ದ ನೆಲ ಇವತ್ತು ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಆಮೇಲೆ ಅದನ್ನು ಮುಟ್ಟಲಿಲ್ಲ.

ಆ ಬೇಸಿಗೆಯಲ್ಲಿ ಗಿರಣಿ ಅಕ್ಕನ ಮಗಳಿಗೆ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಓಣಿಯ ಮುತ್ತೈದೆಯರೆಲ್ಲ ಉಡಿ ತುಂಬಿದರು. ನಮ್ಮ ಮನೆಗೆ ಕರೆ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಹೂಜಿ ಬೇಕಾದಾಗ ಗ್ವಾಡಿ ಮ್ಯಾಲ ತಲಿ ಹಾಕ್ತಾಳ, ಕುಬಸಕ್ಕ ನಾವು ಬ್ಯಾಡಾದ್ವೇನು?" ಎಂದು ಅತ್ತೆಯ ಮುಂದೆ ಹಾರಾಡಿದೆ. ಅವರು ರೊಟ್ಟಿ ಬಡಿಯುತ್ತ ಕೂತಿದ್ದರು. ಬಡಿತ ಇನ್ನಷ್ಟು ಜೋರಾಯಿತು.

ಅದಾದ ಒಂದು ವಾರಕ್ಕೆ ದೇವರ ಜಗಲಿಯ ಮೇಲೆ ಹೊಸ ಹೊಳಪು ಬಂತು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ ತಾಮ್ರದ ಹಾಸು, ಅದರ ಮೇಲೆ ವಿಭೂತಿ ಗಟ್ಟಿ, ಪತ್ರಿ, ದೀಪ. ದಿನಾ ಶಾಲೆಗೆ ಹೋಗುವಾಗ ಅದರ ಮುಂದೆ ಕೈಮುಗಿದೇ ಹೋಗುತ್ತಿದ್ದೆ. "ಛಲೋ ಆಗ್ಯಾದ್ರಿ ಅತ್ತಿ, ಎಲ್ಲಿಂದ ತಂದ್ರಿ?" ಎಂದು ಒಮ್ಮೆ ಕೇಳಿದೆ ಕೂಡ. "ಮನ್ಯಾಗೇ ಇತ್ತು" ಎಂದರು. ನಾನು ನಂಬಿದೆ. ಚಿತ್ರಕಲೆ ಕಲಿತವಳು, ಕಣ್ಣಿದ್ದವಳು ಎಂದು ಹೆಸರು ಬೇರೆ.

ಇನ್ನೊಂದು ವಾರ ಕಳೆದು ರವಿವಾರ ಬಂತು. ಬೆಳಿಗ್ಗೆ ಭಟ್ಟಿ ತುಂಬಿದೆ. ಶಾಲೆಯ ಹುಡುಗಿಯರು ಮಾಡಿದ ದೀಪದ ಹಣತೆಗಳು, ನನ್ನವೇ ಆರು ಹೂಜಿ. ಬಾಗಿಲು ಹಾಕಿ, ಹಲಗೆಯ ಮೇಲೆ ನಿಂತು, ಮೇನ್ ಹಾಕಿ, ಭಟ್ಟಿಯ ಸ್ವಿಚ್ಚೂ ಹಾಕಿದೆ. ಕಿಂಡಿಯಲ್ಲಿ ಕೆಂಪು ಮೂಡುತ್ತಿತ್ತು. ಅತ್ತೆ ಹೊಂಡಕ್ಕೆ ಎರಡು ಕೊಡ ನೀರು ಹಾಕಿ, ಒದ್ದೆ ಕಾಲಲ್ಲೇ ಒಳಗೆ ಹೋಗಿ ವಿಭೂತಿಯ ಬಟ್ಟಲು ಹಿಡಿದುಕೊಂಡು ಬಂದರು. ಅಷ್ಟೊತ್ತಿಗೆ ಚಾಚಾನೂ ರವಿವಾರದ ಚಹಾಕ್ಕೆ ಎಂದು ಹಿತ್ತಲ ಬಾಗಿಲಿಂದ ಒಳಗೆ ಬಂದರು.

"ಬಲ್ಬ್ ಹಚ್ಚಿ ನೋಡಿದಿ ಏನು ಬೇಟಿ?"

"ಹ್ಞೂಂ ಚಾಚಾ, ಝಗ್ ಅಂತು."

ಚಾಚಾ ಬೋರ್ಡಿನ ಕಡೆ ನೋಡಿದರು. ನಾನೂ ನೋಡಿದೆ. ಬಲ್ಬು ಮೊಳೆಗೆ ತೂಗುತ್ತಿತ್ತು. ಬಲ್ಬಿನಿಂದ ಮೊಳೆಗೆ, ಮೊಳೆಯಿಂದ ಗೋಡೆಗೆ, ಎಷ್ಟೋ ದಿನದಿಂದ ಪುರುಸೊತ್ತಾಗಿ ಕೂತು ನೇಯ್ದ ಜೇಡರಬಲೆ. ನಡುವೆ ಜೇಡವೂ ಕೂತಿತ್ತು.

ಅತ್ತೆಯ ಮೂರು ಬೆರಳು ಭಟ್ಟಿಯ ತಗಡಿಗೆ ಒಂದು ಗೇಣು ದೂರವಿದ್ದವು. ಬೆರಳಿಂದ ನೀರು ಇಳಿಯುತ್ತಿತ್ತು.

"ಅವ್ವಾರ, ಕೈ ತಗೀರಿ!" ಆ ಮುದುಕ ಮನುಷ್ಯ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅತ್ತೆಯ ಕೈ ಹಿಂದಕ್ಕೆ ಹೋಯಿತು, ಬಟ್ಟಲು ಫರಸಿಯ ಮೇಲೆ ಬಿತ್ತು. ಚಾಚಾ ಜೇಬಿನಿಂದ ಟೆಸ್ಟರ್ ತೆಗೆದು ಭಟ್ಟಿಯ ಮೈಗೆ ತಾಗಿಸಿದರು. ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ಕೂಡಲೇ ಮೇನ್ ಇಳಿಸಿದರು.

ಭಟ್ಟಿಯ ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದರೆ, ಸುರುಳಿ ತಂತಿ ಹೊರಗೆ ಬರುವ ಕಡೆ ಇದ್ದ ಪಿಂಗಾಣಿ ಮಣಿ ಒಡೆದು ತಂತಿ ತಗಡಿಗೆ ತಾಗಿತ್ತು. ಚಾಚಾ ಅದನ್ನು ಬಿಡಿಸಿಟ್ಟು, ಮೇನ್ ಮತ್ತೆ ಹಾಕಿ, ಬಲೆ ಹರಿದು ಬಲ್ಬು ಸಿಗಿಸಿದರು. ಅದರೊಳಗಿನ ಎಳೆ ಬೂದಿ ಮುಚ್ಚಿದ ಕೆಂಡದಷ್ಟೇ ಕೆಂಪಾಯಿತು. ಮತ್ತೆ ಮೇನ್ ಇಳಿಸಿ ನೇರ ಹೊಂಡದ ಹತ್ತಿರ ಹೋಗಿ, ವೈರು ಹಿಡಿದು ಎಳೆದರು. ಮೂಲಂಗಿ ಕಿತ್ತಂತೆ ಸರಾಗವಾಗಿ ಬಂತು. ತುದಿಯಲ್ಲಿ ಏನೂ ಇರಲಿಲ್ಲ.

"ತಾಮ್ರ ಎಲ್ಲಿ ಹೋತು?"

ಅತ್ತೆ ಒಳಗೆ ಹೋದರು. ಪತ್ರಿ, ದೀಪ, ವಿಭೂತಿ ಗಟ್ಟಿ ಒಂದೊಂದಾಗಿ ಎತ್ತಿಡುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವರ ಕೈಯಲ್ಲಿ ನಾನು ಒಂದು ವಾರ ಕೈಮುಗಿದ ತಾಮ್ರದ ತಗಡಿತ್ತು.

"ನಾನೇ ತಗಸಿದೆ" ಎಂದರು. "ಕುಬಸಕ್ಕ ನಿನ್ನ ಯಾಕ ಕರೀಲಿಲ್ಲ ಗೊತ್ತದ ಏನು? ಮಾಟ ಮಾಡಾಕಿ ಬಸುರಿ ಮುಂದ ಬರಬಾರದಂತ. ಓಣಿ ತುಂಬ ಅದೇ ಮಾತು. ಸಾಲ್ಯಾಗ ಹುಡುಗ್ಯಾರ ತನಾನೂ ಹೋಗ್ತದ ಅಂತ ಅಂಜಿಕಿ ಬಂತು. ನೀ ಸಾಲಿಗೆ ಹೋದಾಗ ಗಿರಣಿ ಹಮಾಲನ ಕರದು ಅಗಿಸಿದೆ. ತಗಡು ಹಿಡಕೊಂಡು ಮನಿ ಮನಿಗೆ ಹೋದೆ. ನೋಡ್ರಿ, ಇದರಾಗ ಯಂತ್ರ ಅದ ಏನು, ಮಂತ್ರ ಅದ ಏನು, ನನ್ನ ಸೊಸಿ ಹಂತಾಕಿ ಅಲ್ಲ ಅಂತ ತೋರಿಸಿ ಬಂದೆ."

"ಮತ್ತ ಹೊಂಡದಾಗ ಯಾಕ ಇಡಲಿಲ್ರಿ ಅವ್ವಾರ?" ಚಾಚಾ ಕೇಳಿದರು.

"ಇಟ್ರ ಮತ್ತ ಮಾತು ಹುಟ್ಟತದಲ್ರಿ ಸಾಹೇಬ್ರ. ಉಪ್ಪು ಇದ್ದಿಲಿ ಅಲ್ಲೇ ಅದ, ವೈರ್ ಅಲ್ಲೇ ಅದ, ಸಾಕಂತ ತಿಳಿದೆ."

"ಹಂಗಾದ್ರ ದಿನಾ ನೀರ್ ಯಾಕ ಹಾಕಿದ್ರಿ?"

"ಈಕಿಗೆ ಅನುಮಾನ ಬರಬಾರದಂತ."

ಚಾಚಾನಿಗೆ ನಗು ತಡೆಯಲಾಗಲಿಲ್ಲ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ಬಿದ್ದ ಬಟ್ಟಲನ್ನು ಎತ್ತಿಟ್ಟೆ. ಫರಸಿಯ ಮೇಲೆ ಕೂತುಬಿಟ್ಟೆ. ಅತ್ತೆಯ ಬೆರಳ ಮೇಲೆ ವಿಭೂತಿ ಒಣಗಿ ಬೆಳ್ಳಗಾಗಿತ್ತು. ಅದನ್ನು ನೋಡುತ್ತ ಎಲ್ಲ ಹೇಳಿದೆ.

"ಅತ್ತೀ, ಆ ಮಾತು ಹುಟ್ಟಿಸಿದಾಕಿ ನಾನೇ. ಚ್ಯಾಷ್ಟಿಗೆ ಅಂದಿದ್ದೆ. ನಿಮ್ಮ ಬಾಯಿ ಕಟ್ಟಾಕ ಅಂತ ಗಿರಣಿ ಅಕ್ಕಗ ನಾನೇ ಹೇಳಿದ್ದೆ. ಬಲ್ಬ್ ನೋಡೀನಿ ಅಂದದ್ದೂ ಸುಳ್ಳು. ನಾಳೆ ಇದನ್ನ ಗುಜರಿಗೆ ಹಾಕ್ರಿ."

ಅತ್ತೆ ತಗಡನ್ನು ಹೊಂಡದ ಅಂಚಿಗೆ ಒರಗಿಸಿಟ್ಟರು.

"ಗೊತ್ತದ" ಎಂದರು. "ನಿನ್ನ ಸೊಸಿ ಬಾಯಿಂದನೇ ಕೇಳೀನಿ ಅಂತ ಗಿರಣ್ಯಾಕಿ ಹೇಳಿದ್ಲು. ನೀ ಹಂಗ ಅಂದಿರ್ತಿ ಅಂತ ನನಗ ಆಗಲೇ ಗೊತ್ತಾತು. ಆದ್ರೂ ನಾಕು ಮಂದಿ ಮುಂದ ಆಕಿಗೇ ಸುಳ್ಳಬುರಕಿ ಅಂದು ಬಂದೇನಿ."

ಆ ಹೊಂಡ ಯಾರದಾದರೂ ಬಾಯಿ ಕಟ್ಟಿದ್ದರೆ, ಅವತ್ತು ನನ್ನದನ್ನೇ ಕಟ್ಟಿತ್ತು.

ಭಟ್ಟಿ ಗುಜರಿಗೆ ಹೋಗಲಿಲ್ಲ. "ಅನಾಹುತ ಆಗಿದ್ರ ಹಾಕ್ತಿದ್ದೆ. ಆಗಿಲ್ಲಲ್ಲ" ಎಂದು ಅತ್ತೆ ತೀರ್ಪು ಕೊಟ್ಟರು. ಆದರೆ ದಂಡ ಹಾಕಿದರು. ಮರುದಿನ ಸಂಜೆ ಓಣಿಯ ಹೆಂಗಸರನ್ನೆಲ್ಲ ನಾನೇ ಮನೆ ಮನೆಗೆ ಹೋಗಿ ಕರೆದು ಬಂದೆ. ಚಾಚಾ ವೈರು ಬಿಗಿದು ತಗಡನ್ನು ಮತ್ತೆ ನಿಲ್ಲಿಸಿದ್ದ ಹೊಂಡದ ಮುಂದೆ ನಿಂತು, ನಾನು ಆಡಿದ ಮಾತು ಏನು, ಈ ತಗಡು ಏನು ಮಾಡುತ್ತದೆ, ಹಿಂದಿನ ದಿನ ಏನಾಗುವುದಿತ್ತು ಎಲ್ಲ ಹೇಳಿದೆ. ಗಿರಣಿ ಅಕ್ಕನ ಕೈ ಹಿಡಿದು ತಪ್ಪಾಯಿತೆಂದೆ. ಅವಳು ಮುಖ ಊದಿಸಿಕೊಂಡೇ ಬಗ್ಗಿ ಮೊದಲ ಹಿಡಿ ಉಪ್ಪು ಹಾಕಿದಳು. ಆಮೇಲೆ ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಿದರು. ಉಡಿ ತುಂಬಿದಂತೆಯೇ ಆಯಿತು. ಚಾಚಾ ಮಣ್ಣು ಎಳೆಸಿ, ಬಲ್ಬು ಸಿಗಿಸಿದರು. ಝಗ್ಗೆಂದಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ಚಾಚಾ ಒಡೆದ ಮಣಿ ಬದಲಿಸಿಕೊಟ್ಟ ಮೇಲೆ, ಮುಂದಿನ ರವಿವಾರ ಭಟ್ಟಿ ತುಂಬಿ, ಮೇನ್ ಹಾಕಿ, ಬಲ್ಬು ಸಿಗಿಸಿ ನೋಡಿ ತೆಗೆದೆ. ಈ ಸಲ ನಿಜವಾಗಿಯೂ ನೋಡಿದ್ದೆ. "ಅತ್ತೀ, ಹತ್ತೇದ, ಬರ್ರಿ" ಎಂದು ಕರೆದೆ. ಅವರು ಬಟ್ಟಲು ಕೆಳಗಿಟ್ಟು ಬಂದು, ಕೈ ಒರೆಸಿಕೊಂಡು, ನನ್ನ ರಬ್ಬರ್ ಚಪ್ಪಲಿ ಮೆಟ್ಟಿ ಹಲಗೆಯ ಮೇಲೆ ನಿಂತರು. ಮೊಳೆಯಿಂದ ಬಲ್ಬು ಇಳಿಸಿ, ಸೆರಗಿನಿಂದ ಅದರ ಧೂಳು ಒರೆಸಿ, ತಾವೇ ಸಾಕೆಟ್ಟಿಗೆ ಸಿಗಿಸಿದರು. ಬೆಳಕು ಅವರ ಮುಖದ ತುಂಬ ಬಿತ್ತು. ಆಮೇಲೆಯೇ ನನಗೆ "ಹಚ್ಚು" ಎಂದರು.

ಅಲ್ಲಿಂದಾಚೆ ಮನೆಯ ಎಲ್ಲ ವಿಷಯದಲ್ಲೂ ಅತ್ತೆ ನನ್ನ ಮಾತು ನಂಬಿದರು. ಬಲ್ಬಿನ ವಿಷಯದಲ್ಲಿ ಮಾತ್ರ ಕೊನೆಯವರೆಗೂ ನಂಬಲಿಲ್ಲ.